ಒಂದಡಿಗೆ ಹನ್ನೆರಡಡಿ

ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಗಾಲಿಕುರ್ಚಿಯ ರ‍್ಯಾಂಪಿಗೆ ಇದೇ ಲೆಕ್ಕ, ಅದನ್ನು ಅಳೆದು ವರದಿ ಕೊಡುವ ಪರಿಶೀಲನಾಧಿಕಾರಿ ನಾನು. ಕಡಬದ ಹತ್ತಿರದ ಒಂದು ಹಳ್ಳಿಯ ಗ್ರಂಥಾಲಯಕ್ಕೆ ಹೊಸ ರ‍್ಯಾಂಪ್ ಕಟ್ಟಿದ್ದರು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅಳೆದು ಮುಗಿಸಿದೆ. ಒಂದಿಂಚೂ ತಪ್ಪಿರಲಿಲ್ಲ. ಆಮೇಲೆ ಒಳಗೆ ಕೂತು ವರದಿ ಬರೆಯುತ್ತಿದ್ದಾಗ ಹೊರಗಿನಿಂದ ಹೆಂಗಸೊಬ್ಬರ ದನಿ ಕೇಳಿತು.

"ಇದರ ಮೇಲೆ ನಾನು ಹತ್ತುದು ಹೇಗೆ ಮಾರಾಯ್ರೆ?"

ಊರಿನ ಟೈಲರ್ ಸರೋಜಕ್ಕ ಗಾಲಿಕುರ್ಚಿಯಲ್ಲಿ ಬಂದಿದ್ದಾರೆ ಎಂದರು ಗ್ರಂಥಪಾಲಕಿ. ಇಷ್ಟು ವರ್ಷ ಮೆಟ್ಟಿಲ ಕೆಳಗೇ ಕಾದು, ಯಾರೋ ಕೈಗೆ ಕೊಟ್ಟ ಪುಸ್ತಕವನ್ನೇ ಓದಿದವರು.

"ಇಳಿಜಾರು ಸರಿ ಉಂಟಲ್ಲ ಅಕ್ಕ, ನಾನೇ ಅಳೆದದ್ದು" ಎಂದೆ ಕೂತಲ್ಲಿಂದಲೇ.

"ಇಳಿಜಾರಿಗೆ ಎಂತ ಆಗಿಲ್ಲ. ಅದರ ಮೇಲೆ ಉಂಟಲ್ಲ, ಅದನ್ನು ನೋಡಿ."

ಬಾಗಿಲಿಗೆ ಬಂದು ನೋಡಿದೆ. ರ‍್ಯಾಂಪಿನ ತುಂಬ ಚಪ್ಪಲಿ. ಓದಲು ಬಂದವರೆಲ್ಲ ಮರ್ಯಾದೆಯಿಂದ ಕಳಚಿ, ಸಾಲಾಗಿ ಇಟ್ಟು ಒಳಗೆ ಹೋಗಿದ್ದರು.

"ಇಲ್ಲಿ ಇಡುದು ಅಂತ ಇವರಿಗೆ ಹೇಳಿದ್ದು ಯಾರು?" ನಾನು ಗ್ರಂಥಪಾಲಕಿಯ ಮೇಲೆ ರೇಗಿದೆ.

ಆಕೆ ಸಂಕೋಚದಿಂದ ಹೇಳಿದರು, "ಮೊದಲು ನೀವು ಇಟ್ಟಿರಿ ಸರ್. ನಿಮ್ಮದನ್ನು ನೋಡಿ ಉಳಿದವರೂ ಇಟ್ಟರು."

ಸಾಲಿನ ತುದಿಯಲ್ಲಿ ನನ್ನ ಕಪ್ಪು ಶೂ ಕೂತಿತ್ತು.

ಓದುಗರೆಲ್ಲ ಎದ್ದು ಬಂದು ಚಪ್ಪಲಿಗಳನ್ನು ಮೆಟ್ಟಿಲ ಬದಿಗೆ ಸಾಗಿಸಿದರು. ಸರೋಜಕ್ಕ ಯಾರ ನೆರವೂ ಇಲ್ಲದೆ ಹತ್ತಿ ಬಂದು, ಕಪಾಟಿನ ಮುಂದೆ ಅರ್ಧ ಗಂಟೆ ಪುಸ್ತಕ ಆರಿಸಿದರು.

ವರದಿಯಲ್ಲಿ 'ಕಂಡುಬಂದ ಅಡಚಣೆ' ಎಂಬ ಕಲಂ ಇರುತ್ತದೆ. ಅದರಲ್ಲಿ ಬರೆದೆ: ಪರಿಶೀಲನಾಧಿಕಾರಿ.