ಬಿಲ್ಲುಗಾರನ ಭುಜ

ಬಲಗೈ ಮೇಲೇಳದಂತಾದ ಮೇಲೆ ನಾನು ಮೊಬೈಲಿನಲ್ಲಿ ಯುದ್ಧದ ಆಟ ಆಡತೊಡಗಿದೆ. ಅದಕ್ಕೆ ಎಡಗೈ ಹೆಬ್ಬೆರಳು ಸಾಕು. ಒಮ್ಮೆ ಒತ್ತಿದರೆ ಹತ್ತು ಬಿಲ್ಲುಗಾರರು ಹುಟ್ಟುತ್ತಾರೆ. ಕೋಟೆ ಗೋಡೆಯ ಹಿಂದೆ ನಿಲ್ಲಿಸಿದರೆ ದಣಿವಿಲ್ಲದೆ ಬಾಣ ಬಿಡುತ್ತಾರೆ. ಅವರು ಸತ್ತರೆ ಮತ್ತೆ ಹತ್ತು.

ಇತಿಹಾಸ ಓದುವ ಮಗಳು ಅದನ್ನು ನೋಡಿ ನಕ್ಕಳು. “ಅಪ್ಪಾ, ಖರೇ ಬಿಲ್ಲುಗಾರರು ಹಿಂಗ ಜಲ್ದಿ ತಯಾರಾಗ್ತಿದ್ದಿಲ್ಲ. ಸಣ್ಣಂದಿನಿಂದ ಬಿಲ್ಲು ಜಗ್ಗಿ ಜಗ್ಗಿ ಅವರ ಎಲುಬೇ ಬದಲಾಗ್ತಿತ್ತಂತ. ಹಳೇ ಗೋರಿ ಅಗಿಯೂವಾಗ ಭುಜ ನೋಡೇ ಗುರುತು ಹಿಡೀತಾರ.”

ಅದೇ ವಾರ ರಾಮದಾಸಪೇಠಿನ ಡಾಕ್ಟರು ನನ್ನ ಭುಜದ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ನನ್ನ ಮುಖವನ್ನೂ ನೋಡದೆ, “ಫ್ಯಾಕ್ಟರಿ ಮೇ ಥೇ ಕ್ಯಾ?” ಎಂದು, ಫ್ಯಾಕ್ಟರಿಯಲ್ಲಿದ್ದಿರಾ ಅಂತ, ಹಿಂದಿಯಲ್ಲಿ ಕೇಳಿದ್ದರು. ಇನ್ನು ಸರಿಹೋಗುವುದಿಲ್ಲ ಎಂದೂ ಹೇಳಿದ್ದರು. ನಾಗಪುರಕ್ಕೆ ಬಂದು ಮೂವತ್ತು ವರ್ಷ ಫ್ಯಾಕ್ಟರಿಯ ಒಂದೇ ಪ್ರೆಸ್ ಯಂತ್ರದ ಹಿಡಿಯನ್ನು ಇದೇ ಕೈಯಲ್ಲಿ ಎಳೆದವನು ನಾನು. ಕೆಲಸ ಬಿಟ್ಟ ಮರುದಿನವೇ ಆ ಹಾಳು ಪ್ರೆಸ್ಸಿನ ಮುಂದೆ ಇನ್ನೊಬ್ಬ ನಿಂತಿದ್ದ.

ಹಳೆಯ ಕಾಲದ ಆ ಬಿಲ್ಲುಗಾರರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅವರ ಹೆಸರು ಯಾರಿಗೂ ಗೊತ್ತಿಲ್ಲ, ನಿಜ. ಆದರೆ ಅವರು ಪಟ್ಟ ಪಾಡು ಮಣ್ಣಿನಲ್ಲಿ ಹಾಗೇ ಉಳಿದಿದೆ.

ನಮ್ಮಲ್ಲಿ ಹೂಳುವುದಿಲ್ಲ, ಸುಡುತ್ತಾರೆ.