ಕಾಕಾನ ಇಪ್ಪತ್ತು ಮಾತು

ಮೊನ್ನೆ ಪೀರನವಾಡಿಯ ಮೊಬೈಲ್ ರಿಪೇರಿ ಅಂಗಡಿಗೆ ಒಂದು ಬ್ಯಾಟರಿ ಕೊಳ್ಳಲು ಹೋಗಿದ್ದೆ. ಒಳಗೆ ಯಾರೋ ತಂತಿಗೆ ಬೆಸುಗೆ ಹಾಕುತ್ತಿದ್ದರು. ಆ ಸುಟ್ಟ ರಾಳದ ವಾಸನೆ ಮೂಗಿಗೆ ಬಡಿದದ್ದೇ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ನನ್ನ ಬಾಯಿ ಮುಚ್ಚುವುದೆಂದರೆ ಸಣ್ಣ ಸಂಗತಿಯಲ್ಲ. ನಾನು ಹುಟ್ಟಿದಾಗಿನಿಂದ ನಮ್ಮವ್ವ ಪ್ರಯತ್ನಪಟ್ಟು ಕೈಬಿಟ್ಟಿದ್ದಾಳೆ.

ಖಾಸಬಾಗದ ನಮ್ಮ ಓಣಿಯ ತುದಿಗೆ ಕಾಕಾನ ರೇಡಿಯೋ ರಿಪೇರಿ ಅಂಗಡಿ ಇತ್ತು. ಸ್ವಂತ ಕಾಕಾ ಅಲ್ಲ, ಓಣಿಗೆಲ್ಲ ಕಾಕಾ. ದಿನಾ ಖಾನಾಪುರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನಾನು ಅಲ್ಲೇ ಕೂತು ಎಲ್ಲರ ದನಿ ತೆಗೆಯುವವ, ಅಂದರೆ ಮಿಮಿಕ್ರಿ: ಕಾಯಿಪಲ್ಯೆ ಮಾರುವ ಅಕ್ಕ, ಬಸ್ ಕಂಡಕ್ಟರ್, ನನ್ನನ್ನು ಎರಡು ಸಲ ಫೇಲು ಮಾಡಿದ ಮಾಸ್ತರು, ಹುಡುಗಿಯರ ಎದುರು ತೊದಲುವ ನಾನು. ಆದರೆ ಗಿರಾಕಿಗಳು ಬಿದ್ದುಬಿದ್ದು ನಗುತ್ತಿದ್ದದ್ದು ಕಾಕಾನ ದನಿಗೆ. ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುವ ಮಾತು, ನಡುವೆ ಒಂದು ಕೆಮ್ಮು. "ನಾ ಊಟಕ್ಕ ಹೋಗ್ತೀನಿ, ನೀ ನನ್ನಂಗ ಮಾತಾಡಕೋತ ಕುಂದ್ರು. ಯಾರಿಗೂ ಗೊತ್ತಾಗೂದಿಲ್ಲ" ಅನ್ನುತ್ತಿದ್ದರು. ಗೊತ್ತಾಗುತ್ತಿದ್ದದ್ದು ಅವರ ಹೆಂಡತಿ ಕಾಕುಗೆ ಮಾತ್ರ. ಕಾಕಾನ ದನಿಯಲ್ಲಿ ಮನೆಗೆ ಫೋನ್ ಮಾಡಿ ಕಾಡಿದರೆ ಕಾಕು ಒಂದೇ ಮಾತಿಗೆ ನನ್ನನ್ನು ಹಿಡಿದುಬಿಡುತ್ತಿದ್ದರು.

ಆ ಕೆಮ್ಮು ನಿಲ್ಲಲಿಲ್ಲ... ಗಂಟಲೊಳಗೆ ಗಡ್ಡೆ. ದನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು ಡಾಕ್ಟರು. ಮಂಗಳವಾರ ಆಪರೇಶನ್.

ಕಾಕಾಗೆ ಜೀವದ ಚಿಂತೆಗಿಂತ ಕಾಕುವಿನ ಚಿಂತೆ. ಕಾಕುಗೆ ಕಣ್ಣು ಕಾಣುತ್ತಿರಲಿಲ್ಲ. ಬರೆದು ತೋರಿಸುವಂತಿಲ್ಲ, ಕೈಸನ್ನೆ ಮಾಡುವಂತಿಲ್ಲ. ಅವರಿಬ್ಬರ ನಡುವೆ ಇದ್ದದ್ದು ದನಿ ಒಂದೇ. ಅದಕ್ಕೇ ಇಪ್ಪತ್ತು ಮಾತು ಆರಿಸಿ ಚೀಟಿಯಲ್ಲಿ ಬರೆದಿದ್ದರು. ನಾ ಬಂದೆ. ಮೆಟ್ಟಲ ಐತಿ, ಹುಷಾರ. ಗುಳಿಗಿ ತಗೊಂಡ್ಯಾ? ಚಹಾ ಸುಡ್ತೈತಿ... ಇವನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಮೊಬೈಲಿಗೆ ಹಾಕಿಕೊಂಡರೆ, ಬೇಕಾದಾಗ ಬೇಕಾದ್ದನ್ನು ಒತ್ತಬಹುದು.

ಆದರೆ ದನಿ ಆಗಲೇ ಪಿಸುಮಾತಿಗೆ ಇಳಿದಿತ್ತು. ಮೊಬೈಲಿನಲ್ಲೇ ರೆಕಾರ್ಡ್ ಮಾಡಹೋದರೆ ಅವರಿಗಿಂತ ಓಣಿಯ ಆಟೋಗಳೇ ಜೋರು. ಅವರ ಹಳೆಯ ಮೈಕು ಬಾಯಿಯ ಹತ್ತಿರದ ಸದ್ದನ್ನಷ್ಟೇ ಹಿಡಿಯುತ್ತಿತ್ತು, ಆದರೆ ಅದರ ಸಿಗ್ನಲ್ ನನ್ನ ಲ್ಯಾಪ್‌ಟಾಪಿಗೆ ಸಾಲುತ್ತಿರಲಿಲ್ಲ. ಪರದೆಯ ಮೇಲೆ ದನಿ ತೋರಿಸುವ ಗೆರೆ ಅಲ್ಲಾಡಲೇ ಇಲ್ಲ. ಕಾಕಾ ಒಂದು ತಂಬಾಕಿನ ಡಬ್ಬಿಯೊಳಗೆ ಪುಟ್ಟ ಆಂಪ್ಲಿಫೈಯರ್ ಕಟ್ಟಲು ಕುಳಿತರು. ಮೈಕಿಗೂ ಕಂಪ್ಯೂಟರಿಗೂ ನಡುವೆ ಇಡುವಂಥದ್ದು.

"ದನಿ ಒಳಗ ಹೋಗೂಕಿಂತ ಮೊದಲ ಎತ್ತಬೇಕು. ಹೋದಮ್ಯಾಲ ಎತ್ತಿದ್ರ ಕಸಾನೂ ಜೋಡಿ ಏಳತೈತಿ" ಅಂದರು. ಒಂದು ಬಿಡಿಭಾಗ ಸೋಮವಾರ ಬರುವುದಿತ್ತು.

ನಾನು ಶಾಣ್ಯಾ. ಭಾನುವಾರವೇ ಹಟ ಹಿಡಿದೆ. ಡಬ್ಬಿ ಯಾತಕ್ಕ, ಕಂಪ್ಯೂಟರಿನೊಳಗೇ ದನಿ ಏರಿಸುವ ಗುಂಡಿ ಐತಿ, ನಿಮ್ಮ ಕಾಲ ಮುಗೀತು ಎಂದು ಅವರದೇ ದನಿಯಲ್ಲಿ ಅವರನ್ನು ಕಾಡಿದೆ. ನಕ್ಕರು, ನಗು ಬರೀ ಗಾಳಿ. ಗುಂಡಿಯನ್ನು ಪೂರ್ತಿ ಏರಿಸಿದೆ. ಅವರು ನೀರು ಗುಟುಕರಿಸುತ್ತ, ಕುತ್ತಿಗೆ ಹಿಡಿದುಕೊಂಡು ಇಪ್ಪತ್ತೂ ಹೇಳಿದರು. ಗೆರೆ ದಪ್ಪಗೆ ಕುಣಿಯಿತು. ಒಮ್ಮೆ ಕೇಳಿ ನೋಡು ಎಂದು ಸನ್ನೆ ಮಾಡಿದರು. ಅವರಿಗೆ ಬಸ್ಸಿನ ಹೊತ್ತಾಗಿತ್ತು, ನನಗೆ ಸೊಕ್ಕು.

"ಕೇಳೂದೇನೈತ್ರಿ ಕಾಕಾ, ಭಾರಿ ಬಂದೈತಿ" ಅಂದೆ.

ಸೋಮವಾರ ಆ ಗಂಟಲಿನಿಂದ ಒಂದಕ್ಷರವೂ ಹೊರಡಲಿಲ್ಲ. ಆದರೂ ದವಾಖಾನೆಗೆ ಹೋಗುವ ಮುಂಚೆ ಡಬ್ಬಿ ಮುಗಿಸಿ, ಮೈಕಿನ ಜೊತೆ ನನ್ನ ಹೆಸರಿಗೆ ಅಂಗಡಿಯಲ್ಲಿ ಇಟ್ಟುಹೋಗಿದ್ದರು.

ಭಾನುವಾರದ ರೆಕಾರ್ಡಿಂಗನ್ನು ಬುಧವಾರ ಕೇಳಿದೆ. ತಗಡಿನ ಮೇಲೆ ಮಳೆ ಹೊಯ್ದಂಥ ಸದ್ದು. ಕುಣಿದದ್ದೆಲ್ಲ ಕಸ. ಕಾಕಾ ಎಲ್ಲೋ ತಳದಲ್ಲಿ... ಚೀಟಿ ಹಿಡಿದು ಕೇಳಿದರೂ ತಿಳಿಯುತ್ತಿರಲಿಲ್ಲ. ಸೋಸಿದೆ, ಕಸದ ಜೊತೆ ಅವರೂ ಹೋದರು.

ಆಗ ನನಗೆ ಬರುವ ಒಂದೇ ಕೆಲಸ ಮಾಡಿದೆ. ಡಬ್ಬಿ ಹಚ್ಚಿ, ಇಪ್ಪತ್ತೂ ಮಾತನ್ನು ಕಾಕಾನ ದನಿಯಲ್ಲಿ ನಾನೇ ಹೇಳಿದೆ. ಸ್ವಚ್ಛ ಬಂತು. ಡಬ್ಬಿ ಅಷ್ಟು ಚೊಲೋ ಇತ್ತು.

ಅವರು ದವಾಖಾನೆಯಿಂದ ಮನೆಗೆ ಬಂದ ಮೇಲೆ ಖಾನಾಪುರಕ್ಕೆ ಹೋದೆ. ಕಾಕಾ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಹೊಸ್ತಿಲ ಹತ್ತಿರ ಕೂತಿದ್ದರು. ಸದ್ದಿಲ್ಲದೆ ಆ ಮಾತು ತುಂಬಿದ ಮೊಬೈಲ್ ಅವರ ಕೈಗಿಟ್ಟೆ. ಮೊದಲನೆಯದನ್ನು ಒತ್ತಿದರು. 'ನಾ ಬಂದೆ.' ಒಳಗಿನಿಂದ ಗೋಡೆ ಸವರುತ್ತ ಬಂದ ಕಾಕುವಿನ ಮುಖ ಅರಳಹೋಗಿ, ಅರ್ಧಕ್ಕೇ ನಿಂತಿತು.

"ಆ ಹುಡುಗ ಬಂದಾನೇನ್ರಿ? ನಿಮ್ಮ ದನಿ ತಗೀತಾನಲಾ, ಅಂವಾ... ಕುಂದರಸ್ರಿ, ಚಹಾ ಮಾಡ್ತೀನಿ."

ಕಾಕಾ ನನ್ನನ್ನೇ ನೋಡಿದರು. ಬೈಯಲು ಅವರ ಹತ್ತಿರ ಏನೂ ಉಳಿದಿರಲಿಲ್ಲ. ಮೊಬೈಲನ್ನು ನೆಲಕ್ಕೆ ಬೋರಲು ಹಾಕಿ, ಬೆರಳಿನಿಂದ ನೆಲವನ್ನು ಎರಡು ಸಲ ಬಡಿದರು. ಕಾಕು ಆ ಸದ್ದಿನತ್ತ ಕೈ ಚಾಚಿದರು.

ಮುಂದೆ ಆ ಮನೆಯಲ್ಲಿ ಬಡಿತವೊಂದೇ. ಎರಡು ಬಡಿದರೆ ಬಂದೆ ಅಂತ, ಮೂರು ಬಡಿದರೆ ಹುಷಾರ ಅಂತ. ಉಳಿದ ಹದಿನೆಂಟು ಮಾತಿಗೆ ಬಡಿತ ಹುಟ್ಟಲಿಲ್ಲ. ವರ್ಷದೊಳಗೆ ಕಾಕಾ ಹೋದರು, ಅದೂ ನಿಂತಿತು.

ಮೊನ್ನೆ ತಂದ ಬ್ಯಾಟರಿಯನ್ನು ಕಾಕಾ ಕಟ್ಟಿದ ಆ ಡಬ್ಬಿಗೇ ಹಾಕಿದೆ. ಕೆಂಪು ದೀಪ ಹತ್ತಿತು. ಮೈಕಿನ ಮುಂದೆ ಕೂತು ಕಾಯಿಪಲ್ಯೆ ಅಕ್ಕನ ದನಿ ಕರೆದೆ, ಮಾಸ್ತರ ದನಿ ಕರೆದೆ, ಬಂದವು. ಆಮೇಲೆ ಕಾಕಾನ ದನಿಯಲ್ಲಿ 'ನಾ ಬಂದೆ' ಅಂದೆ. ಈ ಸಲ ತಿರುಗಿ ಕೇಳಿದೆ. ಅದು ನಾನೇ, ಕಾಕು ಹಿಡಿದದ್ದು ಸರಿ. ಖರೇ ದನಿ ಹ್ಯಾಂಗಿತ್ತೆಂದು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿ ಕೂತೆ... ಕೇಳಿಸಿದ್ದು ಮತ್ತೆ ನನ್ನದೇ.