ಆಳಂದದಿಂದ ತಂದ ಗೋಲಿ ಹಲಗೆ

ಸುಮ್ಮನೆ ಕೂಡುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಮಂಡಿ ಸವೆದ ಈ ವಯಸ್ಸಿನಲ್ಲೂ ದಿನಕ್ಕೆ ಹತ್ತು ಸಲ ಬಾಗಿಲಿಗೆ ಹೋಗಿ ಬರುತ್ತೇನೆ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಂತೂ ಮೈಮೇಲೆ ಇರುವೆ ಬಿಟ್ಟುಕೊಂಡವನ ಹಾಗಿದ್ದೆ. ಅಪ್ಪ ಜೇವರ್ಗಿ, ಅಫಜಲಪುರದ ದನದ ಸಂತೆಗಳಲ್ಲಿ ಎತ್ತಿನ ದಲಾಲಿ. ನನಗೂ ಅದನ್ನೇ ಕಲಿಸಿದ್ದ. ಸಗಣಿ ವಾಸನೆ ಸಾಕಾಗಿ ನಾನು ಅಫಜಲಪುರದಲ್ಲಿ ಒಂದು ಚಹಾದ ಅಂಗಡಿ ಇಟ್ಟೆ. ಅದು ನಲವತ್ತೆಂಟರ ಬೇಸಿಗೆ. ನಮ್ಮ ಹೈದರಾಬಾದ್ ಸಂಸ್ಥಾನ ಮುಂದೆ ಏನಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ಗಿರಾಕಿಗಳು ಅರ್ಧ ಕಪ್ ಚಹಾ ಹೇಳಿ, ಪಿಸುಗುಟ್ಟಿ, ಎದ್ದು ಹೋಗುತ್ತಿದ್ದರು. ಅವರನ್ನು ಕೂಡಿಸುವಂಥದ್ದೇನಾದರೂ ಬೇಕಿತ್ತು.

ಆಳಂದದಲ್ಲಿ ಗೋಲಿ ಹಲಗೆಯೊಂದು ಮಾರಾಟಕ್ಕಿದೆ ಎಂಬ ಸುದ್ದಿ ಬಂದದ್ದೇ ತಡ, ಮರುದಿನವೇ ಮೋಟಾರು ಬಸ್ಸು ಹತ್ತಿದೆ. ಓರೆಯಾಗಿ ನಿಲ್ಲಿಸಿದ ಕಟ್ಟಿಗೆಯ ಹಲಗೆ, ಮೇಲೆ ಗಾಜು, ಒಳಗೆ ಸಾಲು ಸಾಲು ಮೊಳೆ, ಅಂಕಿ ಬರೆದ ಕುಳಿಗಳು. ಸ್ಪ್ರಿಂಗಿನ ಹಿಡಿಕೆ ಎಳೆದು ಬಿಟ್ಟರೆ ಉಕ್ಕಿನ ಗೋಲಿ ಮೇಲೆ ಹಾರಿ, ಮೊಳೆಗಳಿಗೆ ಬಡಿದು ಟಣಟಣ ಎನ್ನುತ್ತ ಇಳಿಯುತ್ತದೆ. ಮೊದಲ ಗೋಲಿ ಬಿಟ್ಟಾಗಲೇ ನನ್ನ ಜೀವ ಅದರೊಳಗೆ ಸಿಕ್ಕಿಹಾಕಿಕೊಂಡಿತು.

ಮಾರುವವಳು ಅಲ್ಲಿಯ ಒಬ್ಬ ಚಹಾದಂಗಡಿಯವನ ಹೆಂಡತಿ. ಗಂಡ ತೀರಿ ಆರು ತಿಂಗಳಾಗಿತ್ತು. ಸೊಲ್ಲಾಪುರದ ಅಣ್ಣನ ಮನೆಗೆ ಹೊರಟಿದ್ದಳು.

"ನಮ್ಮನಿಯವರು ಸಾಹೇಬರ ಕ್ಲಬ್ಬಿನಿಂದ ಎಪ್ಪತ್ತಕ್ಕ ತಂದಿದ್ರು. ನಾಕು ವರ್ಷ ಆಡ್ಯಾರ. ಅರವತ್ತು ಕೊಡ್ರಿ," ಅಂದಳು.

ನಮ್ಮ ಸಂತೆಯ ರಿವಾಜು ಹೇಳಿಬಿಡುತ್ತೇನೆ. ಮಾರುವವನು ಒಂದಕ್ಕೆರಡು ಹೇಳಬೇಕು. ಕೊಳ್ಳುವವನು ಎತ್ತು ಎಷ್ಟೇ ಚಂದವಿರಲಿ, ಹಲ್ಲು ಸವೆದಿದೆ, ಸುಳಿ ಕೆಟ್ಟದ್ದು, ಕಾಲು ಎಳೆಯುತ್ತದೆ ಎಂದು ಹೆಸರಿಡಬೇಕು. ಮಾರುವವನು ತಿರುಗಿ, ನಿನ್ನ ಕಣ್ಣಿಗೆ ಪೊರೆ ಬಂದಿದೆಯೇ ಎಂದು ಬೈಯಬೇಕು. ಕಡೆಗೆ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಮುಗಿಸಿ, ಇಬ್ಬರೂ ಕೂಡಿ ಎಲೆಯಡಿಕೆ ಹಾಕಬೇಕು. ಇದರಲ್ಲಿ ಯಾರಿಗೂ ಸಿಟ್ಟಿಲ್ಲ, ಸುಳ್ಳಿನ ಪಾಪವೂ ಇಲ್ಲ.

ಹೆಂಗಸಿನ ಜೊತೆ ಟವೆಲಿನ ವ್ಯಾಪಾರ ಆಗುವಂಥದ್ದಲ್ಲ. ಉಳಿದದ್ದನ್ನೆಲ್ಲ ಮಾಡಿದೆ.

"ಅರವತ್ತೇನ್ರಿ ಇದಕ್ಕ? ಹಲಗಿ ಎಡಕ್ಕ ವಾಲ್ಯಾದ. ಗೋಲಿ ಬರೇ ಒಂದs ಕಡಿ ಹೊಂಟಾವ. ಇದರ ಮ್ಯಾಲೆ ಪಳಗಿದಾಂವ ಮಂದೀನ ಸುಲೀತಾನ. ಮೂವತ್ತು ಕೊಡ್ತೇನಿ."

ಆಕೆ ಬೈಯಲಿಲ್ಲ. ಹಲಗೆಯನ್ನೇ ನೋಡುತ್ತ, "ವಾಲ್ಯಾದ? ಖರೇ ಏನ್ರಿ?" ಅಂದಳು.

"ಖರೇನs ಮತ್ತ!"

"ಹಂಗಾದ್ರ ಮೂವತ್ತs ಕೊಡ್ರಿ."

ಗೆದ್ದೆನೆಂದು ಹಲಗೆಯನ್ನು ಮೋಟಾರಿನ ತಲೆಯ ಮೇಲೆ ಕಟ್ಟಿಸಿಕೊಂಡು ಬಂದೆ. ಅಪ್ಪ ಹತ್ತಾರು ಗೋಲಿ ಬಿಟ್ಟು ನೋಡಿದ, ಹಲಗೆಯ ಅಂಚಿಗೆ ದಾರ ಹಿಡಿದು ನೋಡಿದ. ಕೂದಲೆಳೆಯಷ್ಟೂ ಡೊಂಕಿರಲಿಲ್ಲ; ಅದು ನನಗೂ ಗೊತ್ತಿತ್ತು. ನಾನು ವ್ಯಾಪಾರದ ಕಥೆಯನ್ನು ಮೀಸೆ ತಿರುವಿ ಹೇಳಿದೆ.

"ಆಕಿ ಏನಂತ ಬೈದ್ಲು?" ಅಪ್ಪ ಕೇಳಿದ.

"ಬೈಲಿಲ್ಲ."

"ತಿರುಗಿ ಬೈಲಿಲ್ಲಂದ್ರ ಆಕಿಗೆ ವ್ಯಾಪಾರ ಗೊತ್ತಿಲ್ಲ. ಆಕಿ ಹೇಳಿದ್ದು ಖರೇ ಬೆಲಿ. ಲೇ, ನೀ ವ್ಯಾಪಾರ ಮಾಡಿಲ್ಲ, ಮನಿ ಹೊಕ್ಕು ಕದ್ದು ಬಂದಿ."

ನನಗೆ ಸಿಟ್ಟು ಬಂತು. ಬೇಕಿದ್ದರೆ ಬೈಯಬೇಕಿತ್ತು, ಬಾಯಿರಲಿಲ್ಲವೇ ಎಂದು ಕೂಗಾಡಿದೆ. ಅಂಗಡಿ ತುಂಬಿತು, ಜನ ಸರದಿ ಹಚ್ಚಿ ಆಡಿದರು. ಆದರೆ ಗೋಲಿ ಟಣ್ ಎಂದಾಗಲೆಲ್ಲ ಆಕೆ "ಖರೇ ಏನ್ರಿ" ಅಂದದ್ದೇ ಕೇಳುತ್ತಿತ್ತು. ಚಹಾ ಉಕ್ಕಿಸಿದೆ, ಇಬ್ಬರು ಗಿರಾಕಿಗಳ ಮೇಲೆ ಹರಿಹಾಯ್ದೆ. ನಾಲ್ಕನೆಯ ದಿನ ಮೂವತ್ತು ರೂಪಾಯಿ ಕಟ್ಟಿಕೊಂಡು ಮತ್ತೆ ಆಳಂದಕ್ಕೆ ಓಡಿದೆ.

ಆಕೆ ಗಂಟು ಕಟ್ಟಿಟ್ಟು ಬಾಗಿಲಲ್ಲಿ ಕೂತಿದ್ದಳು. ಹಲಗೆ ನೆಟ್ಟಗಿದೆ, ನಾನಂದದ್ದು ಸಂತೆಯ ಮಾತು ಎಂದು ಹೇಳಿ ಹಣ ಮುಂದೆ ಹಿಡಿದೆ. ಆಕೆ ಮುಟ್ಟಲಿಲ್ಲ.

"ನಮ್ಮನಿಯವರು ಓಣಿ ಮಂದಿ ಜೋಡಿ ಪಣ ಕಟ್ಟಿ ಆಡ್ತಿದ್ರು. ಯಾವಾಗ್ಲೂ ಅವರs ಗೆಲ್ಲವರು. ಮೋಸದ ಹಲಗಿ ಅಂತ ನೀವು ಅಂದ್ರಿ. ಏಳು ಮನಿಗೆ ಹೋಗಿ, ಮನಿಗೊಂದು ರೂಪಾಯಿ ತಿರುಗಿ ಕೊಟ್ಟು ಕೈ ಮುಗದು ಬಂದೇನ್ರಿ."

ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

"ಕಡೀ ಮನಿಯಾಂವ ರೂಪಾಯಿ ಇಸಗೊಂಡು, ನಿನ್ನ ಗಂಡ ಕಳ್ಳ ಅಂತ ನನಗ ಮೊದಲs ಗೊತ್ತಿತ್ತು ಅಂದ. ಮಂದಿ ನಿಂತು ಕೇಳಿದ್ರು. ರೊಕ್ಕ ಆಮ್ಯಾಲ. ಮೊದಲ ಏಳೂ ಮನಿಗೆ ಹೋಗಿ ಹೇಳಿ ಬರ್ರಿ. ಅವಗ ಮರೀದs ಹೇಳ್ರಿ."

ಹೋದೆ. ಸೊಲ್ಲಾಪುರದ ಮೋಟಾರಿಗೆ ಆಕೆಗೂ, ಕಲಬುರಗಿಯ ಮೋಟಾರಿಗೆ ನನಗೂ ಹೊತ್ತಾಗುತ್ತಿತ್ತು. ಆ ವರ್ಷ ಗಲಭೆಯ ಹೆದರಿಕೆಗೆ ಕತ್ತಲಲ್ಲಿ ದಾರಿ ನಡೆಯುವವರು ಯಾರೂ ಇರಲಿಲ್ಲ. ಮೊದಲ ಮನೆಯ ಮುದುಕ ನಕ್ಕುಬಿಟ್ಟ. "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ. ನಮಗ ಆಡಾಕ ಬರ್ತಿದ್ದಿಲ್ಲ, ಸೋತ್ವಿ. ರೂಪಾಯಿ ಬ್ಯಾಡಂದ್ರೂ ಆಕಿ ಕೇಳ್ಲಿಲ್ಲ," ಎಂದು ಅದನ್ನು ನನ್ನ ಕೈಗೆ ಹಾಕಿದ. ಉಳಿದವರಲ್ಲಿ ಮೂವರು ಕೊಟ್ಟರು, ಇಬ್ಬರು ತಲೆಯಾಡಿಸಿ ಒಳಗೆ ಹೋದರು.

ಏಳನೆಯ ಮನೆಗೆ ಬೀಗ. ಆ ಮನೆಯವರು ನಿನ್ನೆಯೇ ಸಂಸ್ಥಾನದ ಗಡಿ ದಾಟಿದರು, ಯಾವ ಊರಿಗೆ ಹೋದರೆಂದು ಗೊತ್ತಿಲ್ಲ ಎಂದು ಪಕ್ಕದವರು ಹೇಳಿದರು. ಸೊಲ್ಲಾಪುರದ ಮೋಟಾರು ಹಾರ್ನ್ ಹೊಡೆಯತೊಡಗಿತ್ತು. ಓಡಿ ಬಂದು, ತಿರುಗಿ ಬಂದ ನಾಲ್ಕು ರೂಪಾಯಿಯನ್ನು ಆಕೆಯ ಗಂಟಿನ ಮೇಲಿಟ್ಟೆ.

"ಏಳೂ ಮನಿ ಆದುವೇನ್ರಿ?"

"ಆದುವು."

"ಕಡೀ ಮನಿಯಾಂವ ಏನಂದ?"

"ತಪ್ಪಾತು ಅಂದ," ಎಂದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೈಯೊಡ್ಡಿ ಮೂವತ್ತು ರೂಪಾಯಿ ತೆಗೆದುಕೊಂಡಳು.